ಸೋತಾಗ ಕೇಳುವ ಸ್ವರ

ಜೂನ್ 9, ಸೋಮವಾರ

ಕೊಚ್ಚಿಯ ಕಂಪನಿಯಿಂದ ಒಪ್ಪಿಗೆ ಬಂತು. ‘ಮಾಲೆ’ ಅಂತ ಒಂದು ಮೊಬೈಲ್ ಆಟ. ಮೇಲಿಂದ ಉದುರುವ ಹೂಗಳನ್ನು ಬಣ್ಣ ನೋಡಿ ಬೆರಳಲ್ಲೇ ಪೋಣಿಸಬೇಕು, ಅವು ಬಾಡುವುದರೊಳಗೆ. ಸಂಗೀತ ಪೂರ್ತಿ ನನ್ನದು. ಮೂರು ತಿಂಗಳು ನೋಡಿ, ಹಿಡಿಸಿದರೆ ಮುಂದುವರಿಸುತ್ತಾರಂತೆ. ಕೊನೆಯಲ್ಲಿ ನಿಮ್ಮ ಹೆಸರು ಹಾಕುತ್ತೇವೆ ಅಂತ ಅಭಿಲಾಷ್ ಬರೆದಿದ್ದಾನೆ. ಈ ಆಟ ಮಾಡಿಸುತ್ತಿರುವ ಪ್ರೊಡ್ಯೂಸರ್ ಅವನು. ಎರಡು ಸಲ ವಿಡಿಯೊದಲ್ಲಿ ಮಾತಾಡಿದ್ದೇನೆ. ಎರಡು ಸಲವೂ ಬೇರೇನೋ ಟೈಪ್ ಮಾಡುತ್ತಲೇ ಮಾತಾಡಿದ, ಮುಖ ಎತ್ತಲಿಲ್ಲ.

ಹೆಸರು ಹಾಕುತ್ತಾರಂತೆ. ಹೋದ ವರ್ಷದ ಕಾರ್ ರೇಸ್ ಆಟದವರೂ ಹಾಗೇ ಅಂದಿದ್ದರು. ನಾಲ್ಕು ತಿಂಗಳು ಕೂತು ಮಾಡಿದೆ. ಆಟ ಬಂದಾಗ ಸಂಗೀತ ನನ್ನದೇ ಇತ್ತು, ಹೆಸರಿನ ಜಾಗದಲ್ಲಿ ‘ಸೌಂಡ್ ಟೀಮ್’ ಅಂತಿತ್ತು. ಆ ಟೀಮು ಮಾದಾಪುರದ ಈ ಮನೆಯ ಎಂಟಡಿ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಅದಕ್ಕೂ ಮೊದಲು ಹಾಸನದ ಆರ್ಕೆಸ್ಟ್ರಾದಲ್ಲಿ ಆರು ವರ್ಷ ಕೀಬೋರ್ಡ್ ನುಡಿಸಿದೆ. ಪೋಸ್ಟರಿನಲ್ಲಿ ಹಾಡುವವರ ಫೋಟೊ, ನಮ್ಮದು ‘ಮತ್ತು ವೃಂದ’. ಸೋಮವಾರಪೇಟೆಯ ಶಾಲೆಯಲ್ಲಿ ನಾನು ಸಂಗೀತದ ಮಿಸ್ ಆಗಿದ್ದೆ, ವಿನುತಾ ಮಿಸ್ ಅಲ್ಲ. ಆ ಹುದ್ದೆಯನ್ನೂ ತೆಗೆದರು. ಸಾಕಾಗಿದೆ.

ನನ್ನ ಗಂಡ ಕೀರ್ತಿಗೆ ಹೇಳಿದೆ. “ಒಳ್ಳೇದಾಯ್ತು” ಅಂದು ಅಂಗಡಿಗೆ ಹೊರಟರು. ಅತ್ತೆಗೆ ಹೇಳಿದೆ.

“ಮತ್ತೆ ಆ ಟುಂಯ್ ಟುಂಯಾ?” ಅಂದರು.

ಜೂನ್ 13, ಶುಕ್ರವಾರ

ಇವತ್ತು ವೀಣೆಯ ಒಂದು ಸಾಲು ರೆಕಾರ್ಡ್ ಮಾಡಲು ಹನ್ನೊಂದು ಸಲ ಕೂತೆ. ಹನ್ನೊಂದು ಸಲವೂ ಅತ್ತೆ ಬಂದರು. ಅತ್ಯುತ್ತಮವಾಗಿ ಬಂದ ಒಂದರ ನಟ್ಟನಡುವೆ ಅವರ ದನಿ ಸ್ಪಷ್ಟವಾಗಿದೆ: “ಎರಡೂವರೆ ಇಂಚಿನ ಮೊಳೆ ಖಾಲಿಯಾಗೈತೆ ಅಂತ ಕೀರ್ತಿಗೆ ಫೋನ್ ಮಾಡು.”

ಅವರ ಕಷ್ಟ ಗೊತ್ತಿಲ್ಲ ಅಂತಲ್ಲ. ಮಾವ ಇದ್ದಾಗ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವರು. ಬೋರ್ಡಿನಲ್ಲಿ ಮಾವನ ಹೆಸರು ಮಲ್ಲಪ್ಪ ಅಂತಿದ್ದರೂ ಜನ ಕರೆಯುತ್ತಿದ್ದದ್ದು ಅತ್ತೆಯ ಹೆಸರಿನಲ್ಲಿ, ಚನ್ನಬಸಮ್ಮನ ಅಂಗಡಿ ಅಂತಲೇ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಹತ್ತಿರ ಕನ್ನಡ, ಕೂಲಿ ಲೈನಿನ ಹೆಂಗಸರ ಹತ್ತಿರ ತಮಿಳು, ಟಾರ್ಪಾಲು ಕೇಳಿ ಬಂದ ಮಾಪ್ಳೆಗಳ ಹತ್ತಿರ ಮಲಯಾಳಂ. ಈಗೀಗ ಅಸ್ಸಾಮಿನವರ ಹತ್ತಿರ ಹಿಂದಿಯಂಥ ಏನೋ ಒಂದು. ಫೆಬ್ರವರಿಯಲ್ಲಿ ಮಾವ ಲಿಂಗೈಕ್ಯರಾದ ಮೇಲೆ ಕೀರ್ತಿ, “ಸಾಕಮ್ಮ, ಇನ್ನು ರೆಸ್ಟ್ ತಗೋ” ಅಂತ ಬಿಲ್ಲಿಂಗಿಗೆ ಕಂಪ್ಯೂಟರ್ ಹಾಕಿಸಿದರು, ಒಬ್ಬ ಹುಡುಗಿಯನ್ನೂ ಇಟ್ಟುಕೊಂಡರು. ಅತ್ತೆಯ ರೆಸ್ಟ್ ಈಗ ನನ್ನ ಬಾಗಿಲಲ್ಲಿ ನಿಂತಿದೆ.

ತಪ್ಪು ಕೀರ್ತಿಯದು. ಅನುಭವಿಸುವವಳು ನಾನು.

ಜೂನ್ 20, ಶುಕ್ರವಾರ

ನನ್ನ ಹಳೇ ಫೋನಿಗೆ ಆಟದ ಪರೀಕ್ಷಾ ಕಾಪಿ ಹಾಕಿ ಅತ್ತೆಗೆ ಕೊಟ್ಟೆ. “ಅತ್ತೆ, ಇದು ಸರಿ ಓಡ್ತದಾ ನೋಡಿ ಹೇಳ್ತೀರಾ?”

“ನಂಗ್ಯಾಕೆ ಈ ವಯಸ್ಸಲ್ಲಿ” ಅಂದರು. ಹತ್ತು ನಿಮಿಷಕ್ಕೆ ನಡುಮನೆಯ ಕುರ್ಚಿಯಲ್ಲಿ ಕೂತು ಕನಕಾಂಬರ ಪೋಣಿಸುತ್ತಿದ್ದರು.

ನಾಲ್ಕು ಗಂಟೆ ಒಂದೇ ಸಮ ರೆಕಾರ್ಡ್ ಮಾಡಿದೆ. ಇಷ್ಟು ಸಲೀಸು ಅಂತ ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ.

ಜೂನ್ 24, ಮಂಗಳವಾರ

ಅತ್ತೆಗೆ ಕಿವಿ ಇದೆ. ಇಷ್ಟು ವರ್ಷ ಗೊತ್ತೇ ಇರಲಿಲ್ಲ.

“ನಾ ಜೋರಾಗಿ ಕೈಯಾಡಿಸಿದ್ರೆ ಪದವೂ ಜೋರಾಯ್ತದಲ್ಲ, ಅದಕ್ಕೆ ಹೆಂಗೆ ಗೊತ್ತಾಯ್ತದೆ?” ಅಂತ ಕೇಳಿದರು. ವಿವರಿಸಿದೆ. ಸಿನಿಮಾ ಹಾಡಿನ ಹಾಗೆ ಶುರುವಿನಿಂದ ಕೊನೆಗೆ ಓಡುವುದಲ್ಲ ಇದು. ತಳದಲ್ಲಿ ಒಂದು ಶ್ರುತಿ ಯಾವಾಗಲೂ ಇರುತ್ತದೆ, ಅನ್ನದ ಹಾಗೆ. ನೀವು ಐದು ಹೂ ಪೋಣಿಸಿದರೆ ಆಟ ಅದರ ಮೇಲೆ ವೀಣೆ ಬಡಿಸುತ್ತದೆ. ಹತ್ತಾದರೆ ತಾಳ. ಬಾಡುವ ಹೊತ್ತು ಬಂದರೆ ಎಲ್ಲ ತೆಗೆದು ಡೋಲಿನ ಏಟು ಮಾತ್ರ ಉಳಿಸುತ್ತದೆ. ನೀವು ಕೈ ನಿಲ್ಲಿಸಿದರೆ ತಟ್ಟೆ ಎತ್ತಿಬಿಡುತ್ತದೆ.

“ಕೈ ನಿಲ್ಲಿಸಿದೋರ ತಟ್ಟೆ ಯಾಕೆ ಎತ್ತಬೇಕು? ಉಣ್ಣೋರು ಒಂದು ಗಳಿಗೆ ಕೂತಿರ್ತಾರೆ. ಎತ್ತೋದು ಮರ್ಯಾದೆ ಅಲ್ಲ.”

ಮಧ್ಯಾಹ್ನ ಅದನ್ನು ಬದಲಾಯಿಸಿದೆ. ಕೈ ನಿಂತರೆ ಈಗ ಕೊಳಲು ಮೆಲ್ಲಗೆ ಬರುತ್ತದೆ, ಕಾಯುತ್ತದೆ. ಆಟ ಒಮ್ಮೆಗೆ ಉಸಿರಾಡಿದ ಹಾಗಾಯಿತು. ಅಭಿಲಾಷ್‌ಗೆ ಕಳಿಸಿದೆ. ‘ವೆರಿ ನೈಸ್’ ಅಂತ ಬಂತು. ಅತ್ತೆಗೆ ಹೇಳಿದಾಗ, “ಅದಕ್ಕೆ ನಂಗೇನು ಕೊಡ್ತಾನೆ ಅವ್ನು?” ಅಂದು ನಕ್ಕರು. ಮಾವ ಹೋದ ಮೇಲೆ ನಕ್ಕಿದ್ದು ಇದೇ ಮೊದಲು.

ಜುಲೈ 5, ಶನಿವಾರ

ಮೂರು ದಿನ ಕರೆಂಟಿಲ್ಲ. ಇನ್ವರ್ಟರಿನಲ್ಲಿ ಲ್ಯಾಪ್‌ಟಾಪ್, ಅತ್ತೆಯ ಫೋನ್ ಎರಡಕ್ಕೆ ಮಾತ್ರ ಚಾರ್ಜು. ಮಿಕ್ಸಿ ಬಂದ್, ಚಟ್ನಿ ಒರಳಿನಲ್ಲಿ. ಕೀರ್ತಿ ಗೊಣಗಿದರು.

ಅತ್ತೆ ನನ್ನ ಕೋಣೆಯಲ್ಲೇ ಕೂರುತ್ತಾರೆ ಈಗ. ನಾನು ಒಂದು ತುಣುಕು ಮಾಡುತ್ತೇನೆ, ಅವರು ಆಡುತ್ತಾರೆ. “ಇಲ್ಲಿ ಬ್ಯಾಡ, ಇಲ್ಲಿ ಸುಮ್ಕಿರು.” “ಇದು ಮದುವೆ ಮನೆ ಆಯ್ತು, ಹೂ ಬಾಡೋ ಹೊತ್ತಲ್ಲಿ ಯಾರಾದ್ರೂ ಮದುವೆ ವಾಲಗ ಊದ್ತಾರಾ?” ಎಂಟು ಹಂತ ಮುಗಿದವು. ಎಂಟರಲ್ಲೂ ಅವರ ಮಾತಿದೆ.

ಇವತ್ತು ಆಡುತ್ತಾ ಆಡುತ್ತಾ ತಾವಾಗೇ ಹೇಳಿದರು: “ಇವ್ರು ಕೊನೇ ದಿನ ಆಸ್ಪತ್ರೇಲಿ, ಅಂಗಡಿ ಬಾಗಿಲು ಹಾಕಿದ್ಯಾ ಅಂತ ಕೇಳಿದ್ರು. ಹಾಕೇ ಬಂದಿದ್ದೆ. ಆದ್ರೂ ಹೂಂ ಅನ್ನೋಕೆ ಬಾಯಿ ಬರಲಿಲ್ಲ.” ಹೂ ಪೋಣಿಸುತ್ತಿದ್ದ ಬೆರಳು ನಿಂತಿತ್ತು. ಕೊಳಲು ಬಂದು ಕಾಯುತ್ತಿತ್ತು.

ಈ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು. ಅತ್ತೆಯ ಜತೆ ಹೀಗೆ ಕೂತಿದ್ದಿಲ್ಲ.

ಜುಲೈ 18, ಶುಕ್ರವಾರ

ಅಭಿಲಾಷ್ ಫೋನ್ ಮಾಡಿದ. ಆಟವನ್ನು ಕೆಲವು ಸಾವಿರ ಜನಕ್ಕೆ ಕೊಟ್ಟು ನೋಡಿದ್ದಾರೆ. ನೂರರಲ್ಲಿ ಅರವತ್ತೊಂದು ಮಂದಿ ಮೊದಲ ಸಲ ಸೋತ ಕೂಡಲೇ ಮುಚ್ಚಿ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

“ಮೇಡಂ, ಸೋತಾಗ ಬರೋ ಮ್ಯೂಸಿಕ್ ಇದೆಯಲ್ಲ, ಅದು ತುಂಬ ಸಮಾಧಾನ.”

“ಸೋತವರಿಗೆ ಸಮಾಧಾನ ಬೇಡವಾ?”

“ಸಮಾಧಾನ ಆದವರು ಎದ್ದು ಹೋಗ್ತಾರೆ ಮೇಡಂ. ನಮಗೆ ಅವರು ಕೂತಿರಬೇಕು.”

ಇದು ಸಂಗೀತವೋ ಇಲಿ ಬೋನೋ ಅಂತ ಒಂದು ಉದ್ದ ಮೇಲ್ ಬರೆದೆ. ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂತಲೂ ಬರೆದೆ. ಕಳಿಸುವ ಮೊದಲು ಅವನದೇ ಒಂದು ಸಾಲು ಬಂತು. ಹೆಸರುಗಳ ಪಟ್ಟಿ ಈ ತಿಂಗಳ ಕೊನೆಗೆ ತಯಾರಾಗುತ್ತದೆ, ನಿಮ್ಮ ಹೆಸರಿನ ಸ್ಪೆಲ್ಲಿಂಗ್ ತಿಳಿಸಿ ಅಂತ.

ನನ್ನ ಮೇಲ್ ಕಳಿಸಿಲ್ಲ. ಅಳಿಸಿಯೂ ಇಲ್ಲ.

ಜುಲೈ 23, ಬುಧವಾರ

ಸೋತಾಗ ಬರುವ ಸಾಲು ಪ ಮ ಗ ರಿ ನಿ ಸ. ಇಳಿದು ಬಂದು ಷಡ್ಜದಲ್ಲಿ ಕೂರುತ್ತದೆ. ಕೂತರೆ ಮುಗಿಯಿತು. ಆ ಕೊನೆಯ ಸ ತೆಗೆದೆ. ಈಗ ಸಾಲು ನಿಷಾದದಲ್ಲಿ ನಿಲ್ಲುತ್ತದೆ. ಆ ಸ ಸಿಗಬೇಕಾದರೆ ‘ಮತ್ತೊಮ್ಮೆ’ ಒತ್ತಿ ಮೊದಲ ಹೂ ಮುಟ್ಟಬೇಕು.

ಹೇಳದೆ ಅತ್ತೆಯ ಫೋನಿಗೆ ಹಾಕಿದೆ. ಸೋತರು. ಎಂದಿನಂತೆ ಫೋನನ್ನು ಮಡಿಲಿಗೆ ಇಡಲು ಹೋದರು, ಕೈ ಅರ್ಧಕ್ಕೆ ನಿಂತಿತು. ‘ಮತ್ತೊಮ್ಮೆ’ ಒತ್ತಿದರು. ಏಳು ಸಲ ಸೋತರು, ಏಳು ಸಲ ಒತ್ತಿದರು.

“ಏನಾಯ್ತು ಅತ್ತೆ?”

“ಏನಿಲ್ಲ. ಏನೋ ಬಾಕಿ ಉಳಿದಂಗೆ ಆಯ್ತದೆ.”

ಎಷ್ಟು ಸಣ್ಣ ಕೆಲಸ. ಒಂದು ಸ್ವರ ತೆಗೆಯುವುದು. ಹದಿನೈದು ವರ್ಷ ಕಲಿತದ್ದು ಏನೆಂದು ಇವತ್ತು ಗೊತ್ತಾದ ಹಾಗಾಯಿತು. ಮಾಡುವುದು ಬೇರೆ, ಕಳಿಸುವುದು ಬೇರೆ. ಕಳಿಸಬಾರದು ಅಂತ ಸಂಜೆಯವರೆಗೂ ಅಂದುಕೊಂಡೆ. ಆರು ಗಂಟೆಗೆ ಕಳಿಸಿದೆ.

ಆಗಸ್ಟ್ 5, ಮಂಗಳವಾರ

ಅರವತ್ತೊಂದು ಇದ್ದದ್ದು ಮೂವತ್ನಾಲ್ಕಕ್ಕೆ ಇಳಿದಿದೆ! ವಿಡಿಯೊದಲ್ಲಿ ಅಭಿಲಾಷ್ ಟೈಪ್ ಮಾಡುವುದು ನಿಲ್ಲಿಸಿ ಮುಖ ಎತ್ತಿದ. “ವಿನುತಾ ಮೇಡಂ, ಹೇಗೆ ಮಾಡಿದ್ರಿ?” ಅಂದ. ಅವನ ಹಿಂದೆ ಕೂತಿದ್ದ ಇನ್ನಿಬ್ಬರೂ ಬಂದು ನೋಡಿದರು.

ಹೆಸರು ಹಿಡಿದು ಕರೆದ.

ಆಗಸ್ಟ್ 14, ಗುರುವಾರ

ಇನ್ನು ಅಂದಾಜಿನಲ್ಲಿ ಕೆಲಸ ಸಾಗುವುದಿಲ್ಲ. ಟೆಸ್ಟಿಗೆ ಅಂತ ಬೇರೆಯೇ ನೋಟ್‌ಬುಕ್ ಇಟ್ಟಿದ್ದೇನೆ. ಇವತ್ತಿನದು: ಚ., ಐವತ್ತೆರಡು ನಿಮಿಷ. ಒಂದು ಸಲವೂ ಏಳಲಿಲ್ಲ. ಟೀ ಆರಿತು. ಒಂಬತ್ತನೇ ಹಂತದಲ್ಲಿ ತಾಳ ಬರುವಾಗ ಬೆನ್ನು ಮುಂದಕ್ಕೆ ಬಾಗುತ್ತದೆ, ಆದ್ದರಿಂದ ಹತ್ತರಲ್ಲೂ ಅದೇ ತಾಳ ಇರಲಿ.

ಕೀರ್ತಿ ಊಟಕ್ಕೆ ಬಂದವರು, “ಅಮ್ಮ ಮಾತೇ ಆಡ್ತಿಲ್ವಲ್ಲ” ಅಂದರು.

“ನೆಮ್ಮದಿಯಾಗಿದ್ದಾರೆ” ಅಂದೆ. ನಿಜ ತಾನೇ. ಮೊಳೆಯ ಚಿಂತೆಯಿಲ್ಲ, ಬಾಗಿಲಲ್ಲಿ ನಿಲ್ಲುವುದಿಲ್ಲ.

ಆಗಸ್ಟ್ 29, ಶುಕ್ರವಾರ

ಅಭಿಲಾಷ್ ಹೊಸದು ಕೇಳಿದ್ದಾನೆ. ಫೋನ್ ಸುಮ್ಮನೆ ಬಿದ್ದಿರುವಾಗ ಆಟ ಒಂದು ಸದ್ದು ಮಾಡಿ ನೆನಪಿಸಬೇಕು. ಗಂಟೆ, ಶಿಳ್ಳೆ ಎಲ್ಲ ಬೇಡ ಅಂದೆ. ವೀಣೆಯಲ್ಲಿ ಮೂರೇ ಸ್ವರ, ಗ ರಿ ನಿ. ಯಾರೋ ಕರೆದು ಅರ್ಧಕ್ಕೆ ಬಿಟ್ಟ ಹಾಗೆ.

ಚ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ನಡುಮನೆಯಲ್ಲಿ ಫೋನಿಟ್ಟು ನುಡಿಸಿದೆ. ಕೈಯಲ್ಲಿ ಬೂದಿ, ನೀರು ಸೋರುತ್ತಾ ಬಂದರು. ಹನ್ನೊಂದು ಸೆಕೆಂಡ್. ನಾಳೆ ಸ್ವಲ್ಪ ಮೆಲ್ಲಗೆ ಮಾಡಿ ನೋಡಬೇಕು, ಮೆಲ್ಲಗಿದ್ದಷ್ಟೂ ಕಿವಿ ಹುಡುಕುತ್ತದೆ.

ಸೆಪ್ಟೆಂಬರ್ 12, ಶುಕ್ರವಾರ

ಮೂರು ತಿಂಗಳಾಯಿತು, ಕೆಲಸ ಮುಂದುವರಿಸಿದರು. ಹೆಸರು ಒಂದು ಸಾಲಿನಲ್ಲಿ ಒಂದೇ ಬರುತ್ತದೆ, ಬೇರೆ ಯಾರ ಜತೆಗೂ ಅಲ್ಲ. ಕೇಳಿ ಖಾತ್ರಿ ಮಾಡಿಕೊಂಡೆ.

ಸೆಪ್ಟೆಂಬರ್ 25, ಗುರುವಾರ

ಕುಶಾಲನಗರದಲ್ಲಿರುವ ಕೀರ್ತಿಯ ತಂಗಿ ಸುಧಾಗೆ ಇವತ್ತು ಮೈಸೂರಲ್ಲಿ ಗರ್ಭಕೋಶದ ಆಪರೇಷನ್. ಅಮ್ಮ ಹದಿನೈದು ದಿನ ಬಂದು ಜತೆಗಿರಲಿ ಅಂತ ತಿಂಗಳ ಹಿಂದೆಯೇ ಹೇಳಿದ್ದಳು. ಅತ್ತೆ ಹೂಂ ಅಂದಿದ್ದರು. ಬ್ಯಾಗಿಗೆ ಎರಡು ಸೀರೆ ಹಾಕಿಯೂ ಇದ್ದರು. ಬೆಳಿಗ್ಗೆ ಕೀರ್ತಿ ಕಾರು ತೆಗೆದಾಗ, “ಮಂಡಿ ನೋವು, ನೀನೇ ಹೋಗಿ ಬಾ” ಅಂದುಬಿಟ್ಟರು.

ಕೀರ್ತಿ ನನ್ನ ಮುಖ ನೋಡಿದರು. ಬಲವಂತ ಮಾಡಬೇಡಿ ಅಂದೆ. ಮಂಡಿ ನೋವು ಇರುವುದು ಸುಳ್ಳೇನಲ್ಲ. ಹನ್ನೆರಡನೇ ಹಂತವನ್ನು ನಾಳೆಯೊಳಗೆ ಒಪ್ಪಿಸಬೇಕು ಎನ್ನುವುದೂ ಸುಳ್ಳಲ್ಲ. ಬಿಸಿನೀರಿನ ಚೀಲ ತುಂಬಿಸಿ ಅವರ ಮಂಡಿಯ ಮೇಲಿಟ್ಟೆ, ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಚ., ಒಂದು ಗಂಟೆ ನಲವತ್ತು.

ಮೂರು ಗಂಟೆಗೆ ಕೀರ್ತಿ ಫೋನ್ ಮಾಡಿದರು, ಎಲ್ಲ ಸರಿಯಾಯಿತು ಅಂತ. ಅತ್ತೆಗೆ ಹೇಳಿದೆ. ಹೂಂ ಅಂದರು.

ಅಕ್ಟೋಬರ್ 9, ಗುರುವಾರ

ಆಟ ಬಿಡುಗಡೆಯಾಯಿತು. ಸೆಟ್ಟಿಂಗ್ಸ್ ಒತ್ತಿ, ಕೆಳಗೆ ಸರಿಸಿ, ಇನ್ನೂ ಕೆಳಗೆ. ಸಂಗೀತ: ವಿನುತಾ. ಹತ್ತು ಸಲ ನೋಡಿದೆ.

ಕೀರ್ತಿ ಅಂಗಡಿಯಲ್ಲಿದ್ದರು, ಫೋಟೊ ಕಳಿಸಿದೆ. ಉತ್ತರವಾಗಿ ಎತ್ತಿದ ಹೆಬ್ಬೆರಳಿನ ಚಿತ್ರ ಬಂತು. ಅತ್ತೆಯ ಫೋನಿನಲ್ಲೇ ತೆಗೆದು ತೋರಿಸಿದೆ. “ನೋಡಿ ಅತ್ತೆ, ನನ್ನ ಹೆಸರು.” ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿ ಹಿಂದೆ ಹೋಗಿ ಆಟ ಒತ್ತಿದರು.

ಓದಿದರೋ ಇಲ್ಲವೋ.

ಅಕ್ಟೋಬರ್ 22, ಬುಧವಾರ

ಹಬ್ಬಕ್ಕೆ ಸುಧಾ ಕುಶಾಲನಗರದಿಂದ ಬಂದಿದ್ದಳು. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಸೊರಗಿ ಹೋಗಿದ್ದಾಳೆ. ಅತ್ತೆ ಕುರ್ಚಿಯಲ್ಲಿದ್ದರು. “ಬಂದ್ಯಾ” ಅಂದರು. ತಲೆ ಎತ್ತಲಿಲ್ಲ.

ಸುಧಾ ಎದುರಿಗೇ ಕೂತಳು. ಕಾದಳು. ಒಂದು ಆಟ ಮುಗಿಯಿತು, ಇನ್ನೊಂದು ಶುರುವಾಯಿತು.

“ಅಮ್ಮ, ನಂಗೆ ಹೊಟ್ಟೆ ಕುಯ್ದಿದ್ದು ಗೊತ್ತಾ ನಿಂಗೆ?”

“ಹೂಂ.”

ಸುಧಾ ಎದ್ದು ಫೋನ್ ಕಿತ್ತುಕೊಂಡಳು. ಅತ್ತೆ ಅವಳ ಮಣಿಕಟ್ಟು ಹಿಡಿದರು, ಉಗುರು ಇಳಿಯುವ ಹಾಗೆ. ರಕ್ತ ಬಂತು. ಕೀರ್ತಿ ಬಿಡಿಸಿದರು. ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲವಂತೆ ಅತ್ತೆ. ಸುಧಾ ಅಳಲಿಲ್ಲ. ನನ್ನ ಕಡೆ ತಿರುಗಿದಳು.

“ಅತ್ತಿಗೆ, ಇದು ನೀವು ಮಾಡಿದ್ದಲ್ವ?”

“ನಾನು ಸಂಗೀತ ಮಾತ್ರ ಮಾಡಿದ್ದು. ಆಟ ಮಾಡಿದವರು ಬೇರೆ.”

“ಸಂಗೀತ ಮಾತ್ರ” ಅಂದಳು. ಅಷ್ಟೇ ಅಂದಳು. ಹೋಳಿಗೆ ಮುಟ್ಟದೆ ಹೋದಳು.

ಎಲ್ಲರೂ ನನ್ನನ್ನೇ ಹುಡುಕುತ್ತಾರೆ. ಕೌಂಟರಿನಿಂದ ಎಬ್ಬಿಸಿದ್ದು ಮಗ. ಫೋನಿನಲ್ಲಿ ವಾರಕ್ಕೊಂದು ಸಲ ಐದು ನಿಮಿಷ ಮಾತಾಡುತ್ತಿದ್ದವಳು ಮಗಳು. ನಾಲ್ಕು ತಿಂಗಳು ಅವರ ಪಕ್ಕ ಕೂತವಳು ನಾನೊಬ್ಬಳೇ.

ಅಕ್ಟೋಬರ್ 24, ಶುಕ್ರವಾರ

ಕೀರ್ತಿ ಅಂಗಡಿಗೆ ಹೋಗದೆ ಕೋಣೆಗೆ ಬಂದು ನಿಂತರು. “ಸರಿ ಮಾಡು” ಅಂದರು.

“ಫೋನ್ ಬಚ್ಚಿಡಿ.”

“ಬಚ್ಚಿಟ್ರೆ ಅಮ್ಮ ಏನು ಮಾಡ್ತಾಳೆ ನೋಡಿದ್ಯಲ್ಲ. ನೀನು ಹಾಕಿದ್ದು ನೀನೇ ತೆಗಿ. ಏನು ಹಾಕಿದ್ಯೋ ನಂಗೆ ಗೊತ್ತಿಲ್ಲ. ಏನೋ ಹಾಕಿದ್ದೀಯ.”

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು.

ನನ್ನ ಹತ್ತಿರ ಇರುವ ಕಾಪಿಯಲ್ಲಿ ಸ ಮತ್ತೆ ಸೇರಿಸಿದೆ. ಕರೆಯುವ ಸದ್ದು ತೆಗೆದೆ. ಅದನ್ನು ಅತ್ತೆಯ ಫೋನಿಗೆ ಮಾತ್ರ ಹಾಕಿದೆ. ಇಪ್ಪತ್ತು ನಿಮಿಷ ಹಿಡಿಯಿತು.

ಅಕ್ಟೋಬರ್ 29, ಬುಧವಾರ

ಮೊದಲ ದಿನ, “ಇದು ಕೆಟ್ಟೋಗೈತೆ, ಹಳೇದು ಹಾಕು” ಅಂದರು. ಎರಡನೇ ದಿನ ಫೋನನ್ನು ಕುರ್ಚಿಯ ಕೈಗೆ ಕುಟ್ಟಿದರು. ಮೂರನೇ ದಿನ ಆಟದ ನಡುವೆ ಎದ್ದು ನೀರು ಕುಡಿದರು. ನಿನ್ನೆ ತಾವಾಗೇ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜೆಗೆ ಕೂತು ಪೂರ್ತಿ ಮುಗಿಸಿ ಎದ್ದರು.

ಇವತ್ತು ಹತ್ತು ಗಂಟೆಗೆ ಸೋತರು. ಸಾಲು ಇಳಿದು ಷಡ್ಜದಲ್ಲಿ ಕೂತಿತು. ಫೋನನ್ನು ಮಡಿಲಿಗೆ ಇಟ್ಟು ಕಿಟಕಿಯಾಚೆ ನೋಡಿದರು. ರಸ್ತೆಯಲ್ಲಿ ಬಿಸಿಲಿತ್ತು. ಎದುರುಮನೆಯವರು ಕಾಳುಮೆಣಸಿನ ಚೀಲ ಒಣಹಾಕಿದ್ದರು.

“ಮಳೆ ನಿಂತಿದ್ದು ಯಾವಾಗ?” ಅಂದರು.

ಸುಮಾರು ದಿನವಾಯಿತು ಅಂದೆ.

ಸೀರೆ ಬದಲಾಯಿಸಿ ಅಂಗಡಿಗೆ ನಡೆದುಕೊಂಡೇ ಹೋದರು. ಕೀರ್ತಿ ಹೇಳಿದ್ದು: ಒಳಗೆ ಬಂದು, ಮಾವ ಕೂರುತ್ತಿದ್ದ ಜಾಗದಲ್ಲಿ ಬಿಲ್ಲಿಂಗ್ ಹುಡುಗಿ ಕೂತಿರುವುದು ನೋಡಿ, ಸಿಮೆಂಟಿನ ಮೂಟೆಯ ಮೇಲೆ ಕುಸಿದು ಅತ್ತರಂತೆ. ಗಿರಾಕಿಗಳೆದುರಿಗೇ. ಮಾವ ಹೋಗಿ ಎಂಟು ತಿಂಗಳ ಮೇಲೆ. ಆಮೇಲೆ ಮೂಗು ಒರೆಸಿಕೊಂಡು, “ಸುಧಂಗೆ ಆಪರೇಷನ್ ಆಯ್ತಲ್ಲ, ಯಾರಿದ್ರು ಜತೆಗೆ?” ಅಂತ ಕೇಳಿದರಂತೆ.

ನವೆಂಬರ್ 3, ಸೋಮವಾರ

ಮಧ್ಯಾಹ್ನ ತರಕಾರಿ ತಂದು ಒಳಗೆ ಬಂದಾಗ ಅತ್ತೆ ನನ್ನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತಿದ್ದರು. ಟೆಸ್ಟಿನ ನೋಟ್‌ಬುಕ್ ತೆರೆದಿತ್ತು. ಕನ್ನಡದಲ್ಲೇ ಬರೆದಿದ್ದೆ. ಬೇರೆ ಭಾಷೆಯಲ್ಲಿ ಬರೆಯಬೇಕಿತ್ತು.

“ಚ ಅಂದ್ರೆ ನಾನಾ?”

ತರಕಾರಿ ಚೀಲ ಕೆಳಗಿಟ್ಟೆ.

“ಮೊದಮೊದಲು ಅತ್ತೆ ಹಿಂಗಂದ್ರು, ಅತ್ತೆ ಹಂಗಂದ್ರು ಅಂತ ಹೇಳ್ಕೊಂಡು ಓಡಾಡ್ತಿದ್ದೆ. ಇದ್ರಲ್ಲಿ ಬರೀ ಚ.” ಕನ್ನಡಕ ಸರಿಪಡಿಸಿಕೊಂಡು, ಬಿಲ್ ಓದುವ ದನಿಯಲ್ಲಿ ಓದಿದರು. “‘ಸೆಪ್ಟೆಂಬರ್ ಇಪ್ಪತ್ತೈದು. ಚ., ಒಂದು ಗಂಟೆ ನಲವತ್ತು. ಏಳಲಿಲ್ಲ. ಹನ್ನೆರಡನೇ ಹಂತ ಸರಿಯಿದೆ.’ ಅವತ್ತು ಸುಧಂಗೆ ಕುಯ್ದ ದಿನ.”

“ನೀವೇ ಮಂಡಿ ನೋವು ಅಂದ್ರಿ ಅತ್ತೆ.”

“ಅಂದೆ. ಸುಳ್ಳು ಹೇಳ್ದೆ. ಅದು ನನ್ನ ತಪ್ಪು, ಅದನ್ನ ನಾನು ಸುಧನ ಹತ್ರ ಹೇಳ್ಕೊತೀನಿ. ನಿಂಗೆ ಅದು ಸುಳ್ಳು ಅಂತ ಗೊತ್ತಿತ್ತಾ ಇಲ್ವಾ?”

“ಗೊತ್ತಿತ್ತು.”

“ಬಿಸಿನೀರು ಚೀಲ ಇಟ್ಟೆ.”

“ಹೂಂ.”

“ಏಳಿ ಅತ್ತೆ ಅಂತ ಒಂದು ಮಾತು ಅಂದಿದ್ರೆ ಎದ್ದು ಹೋಗ್ತಿದ್ದೆನೋ ಏನೋ. ಅನ್ನಲಿಲ್ಲ ನೀನು. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಬರ್ಕೊತಾ ಕೂತಿದ್ದೆ.” ಪುಟ ತಿರುಗಿಸಿದರು. “‘ಪಾತ್ರೆ ತಿಕ್ಕುತ್ತಿದ್ದವರು ಹನ್ನೊಂದು ಸೆಕೆಂಡಿಗೆ ಬಂದರು.’ ನಾಯಿ ಕರೆದು ನೋಡ್ದಂಗೆ ನೋಡಿದ್ದೀಯ.”

ಹಾಗಲ್ಲ ಅಂದೆ. ನಿಮಗೆ ದುಃಖ ಮರೆಯಲಿ ಅಂತ, ನಿಮಗೂ ಹೊತ್ತು ಹೋಗಲಿ ಅಂತ ಅಂದೆ. ಹೇಳುವಾಗ ನಿಜವೆಂದೇ ಅನಿಸಿತು.

“ನಾನು ಮಾತಾಡಬಾರದು ಅಂತ ಕೊಟ್ಟೆ ಅದನ್ನ. ಮೊದಲನೇ ದಿನವೇ ಗೊತ್ತಾಯ್ತು ನಂಗೆ. ಅಂಗಡೀಲಿ ಮೂವತ್ತು ವರ್ಷ ಕೂತೋಳು, ಯಾರು ಯಾಕೆ ನಗ್ತಾರೆ ಅಂತ ತಿಳಿಯಲ್ವಾ? ಆದ್ರೂ ಇಸ್ಕೊಂಡೆ. ಸೊಸೆ ಕೆಲಸಕ್ಕೆ ಆಯ್ತದಲ್ಲ ಅಂತ ಇಸ್ಕೊಂಡೆ.”

ಆಗ ನಿಜವಾದ ಒಂದು ಮಾತು ಹೇಳಿದೆ. “ನಿಮ್ಮಿಂದಲೇ ಇದು ಇಷ್ಟು ಚೆನ್ನಾಗಿ ಬಂತು ಅತ್ತೆ. ನೀವಿಲ್ಲದಿದ್ದರೆ ಆಗ್ತಿರಲಿಲ್ಲ.”

ನನ್ನನ್ನೇ ನೋಡಿದರು, ತುಕ್ಕು ಹಿಡಿಸಿಕೊಂಡು ಬೀಗ ವಾಪಸ್ ತಂದ ಗಿರಾಕಿಯನ್ನು ನೋಡುವ ಹಾಗೆ. ಎದ್ದರು. ನೋಟ್‌ಬುಕ್ಕನ್ನು ಹರಿಯಲಿಲ್ಲ, ಎಸೆಯಲಿಲ್ಲ. ಮುಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟರು.

“ಹೆಸರು ಬಂದದೆ ಅಂತ ತೋರಿಸಿದ್ಯಲ್ಲ” ಅಂದರು ಬಾಗಿಲಲ್ಲಿ. “ಓದಿದ್ದೆ. ನಿಂದೊಂದೇ ಇತ್ತು.”

ನವೆಂಬರ್ 6, ಗುರುವಾರ

ಅತ್ತೆ ಸುಧಾಳ ಮನೆಗೆ ಹೋದರು. ಕೀರ್ತಿ ಬಿಟ್ಟು ಬಂದರು. ಫೋನ್ ಕುರ್ಚಿಯ ಮೇಲಿತ್ತು. ಹೋಗಿ ಬರುತ್ತೇನೆ ಅನ್ನಲಿಲ್ಲ, ಹೋಗುತ್ತೇನೆ ಅಂದರು.

ನವೆಂಬರ್ 20, ಗುರುವಾರ

ಆ ಸ ಎಲ್ಲರಿಗೂ ವಾಪಸ್ ಹಾಕಬೇಕು ಅಂತ ಅಭಿಲಾಷ್‌ಗೆ ಮೇಲ್ ಬರೆಯುತ್ತಿದ್ದೆ. ನಡೆದದ್ದನ್ನು ಸ್ವಲ್ಪ ಬರೆದಿದ್ದೆ, ಅತ್ತೆ ಅನ್ನದೆ ಒಬ್ಬ ಆಟಗಾರರು ಅಂತ. ಮುಗಿಸುವ ಮೊದಲು ಅವನ ಫೋನ್ ಬಂತು. ಐದು ಲಕ್ಷ ಜನ ಆಡುತ್ತಿದ್ದಾರಂತೆ. ಮುಂದಿನ ಆಟ ರಂಗೋಲಿ ಬಿಡಿಸುವುದು, ಅದಕ್ಕೆ ನನ್ನನ್ನು ಮ್ಯೂಸಿಕ್ ಲೀಡ್ ಮಾಡುತ್ತಾರಂತೆ. ಮನೆಯಲ್ಲಿರುವ ಹೆಂಗಸರಿಗೆ ಅಂತಲೇ ಮಾಡುತ್ತಿರುವ ಆಟ.

“ಆ ಸೋತಾಗಿನ ನೋಟ್ ಇದೆಯಲ್ಲ ಮೇಡಂ, ಅದೇ ಐಡಿಯಾ ಇದರಲ್ಲೂ ಬೇಕು.”

“ಅದರ ಬಗ್ಗೆ ಒಂದು ಮಾತು ಹೇಳಬೇಕಿತ್ತು.”

“ಹೇಳಿ ಮೇಡಂ.”

ಯಾವಾಗ ಶುರು ಮಾಡಬೇಕು ಅಂತ ಕೇಳಿದೆ.

ಡಿಸೆಂಬರ್ 8, ಸೋಮವಾರ

ಕಾಫಿ ಪಿಕಿಂಗ್ ಶುರುವಾಗಿ ಅಂಗಡಿಯಲ್ಲಿ ಗಡಿಬಿಡಿ. ಟಾರ್ಪಾಲು, ಏಣಿ, ಚೀಲ. ಕೀರ್ತಿ ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋಗುತ್ತಾರೆ. ಬೇಕಾದ್ದಕ್ಕೆ ಬೇಕಾದಷ್ಟೇ ಮಾತು. ಭಾನುವಾರಗಳಲ್ಲಿ ಕುಶಾಲನಗರಕ್ಕೆ ಹೋಗುತ್ತಾರೆ. ಬರುತ್ತೀಯಾ ಅಂತ ಕೇಳುವುದಿಲ್ಲ. ಅತ್ತೆ ಅಲ್ಲಿ ಸುಧಾಳ ಟೈಲರಿಂಗ್ ಅಂಗಡಿಯಲ್ಲಿ ಕೂರುತ್ತಾರಂತೆ, ಗಿರಾಕಿಗಳ ಹತ್ತಿರ ಮಾತೇ ಮಾತಂತೆ. ಇದನ್ನೂ ನನಗೆ ಹೇಳಲಿಲ್ಲ, ಫೋನಿನಲ್ಲಿ ಯಾರಿಗೋ ಹೇಳುವಾಗ ಕೇಳಿಸಿತು.

ರೆಕಾರ್ಡಿಂಗ್ ಒಂದೇ ಸಲಕ್ಕೆ ಆಗುತ್ತಿದೆ. ಮೂರು ಹಂತ ಮುಗಿದವು. ಆದರೆ ಏನೋ ಸಪ್ಪೆ. ಎಲ್ಲಿ ಸಪ್ಪೆ ಅಂತ ಒಬ್ಬಳಿಗೇ ತಿಳಿಯುವುದಿಲ್ಲ.

“ನಿಮ್ಮ ಆ ಟೆಸ್ಟರ್ ಇದ್ದಾರಾ ಈಗಲೂ?” ಅಂತ ಅಭಿಲಾಷ್ ಕೇಳಿದ.

“ಇಲ್ಲ. ಬೇರೆಯವರನ್ನು ನೋಡುತ್ತೇನೆ.”

ಡಿಸೆಂಬರ್ 16, ಮಂಗಳವಾರ

ಮಧ್ಯಾಹ್ನ ಹಿಂದಿನ ಬೀದಿಯ ಉಷಾರಾಣಿಯವರು ಬಂದಿದ್ದರು, ಅತ್ತೆ ಊರಲ್ಲಿಲ್ಲವಾ ಅಂತ ವಿಚಾರಿಸಿಕೊಂಡು. ಅಂಗನವಾಡಿಯಿಂದ ರಿಟೈರಾಗಿ ಎರಡು ವರ್ಷ. ಒಬ್ಬರೇ. ಟೀ ಕೊಟ್ಟೆ. ಅರ್ಧ ಗಂಟೆ ಅಂತ ಬಂದವರು ಎರಡು ಗಂಟೆ ಕೂತರು. ಮಕ್ಕಳಿಗೆ ಕಲಿಸುತ್ತಿದ್ದ ಹಾಡುಗಳ ವಿಷಯ ಹೇಳಿದರು. ಒಳ್ಳೆಯ ತಾಳಜ್ಞಾನ, ಹೇಳುವಾಗ ಬೆರಳು ಸರಿಯಾಗಿ ಬೀಳುತ್ತಿತ್ತು.

“ಹೊತ್ತೇ ಹೋಗಲ್ಲ ವಿನುತಾ” ಅಂದರು ಹೊರಡುವಾಗ. “ಮಾತಾಡೋಕೆ ಗೋಡೆ ಬಿಟ್ರೆ ಯಾರೂ ಇಲ್ಲ.”

ಒಂದು ಸಣ್ಣ ಕೆಲಸ ಇದೆ, ಸುಮ್ಮನೆ ಕೂತು ಆಡಿ ಹೇಗಿದೆ ಹೇಳಿದರೆ ಆಯಿತು, ನನಗೆ ಉಪಕಾರ ಅಂದೆ. ಅವರ ಮುಖ ಅರಳಿತು. ನನ್ನಂಥವಳಿಂದ ಉಪಕಾರವಾ ಅಂದರು. ಸೋಮವಾರದಿಂದ ಬರುತ್ತಾರೆ.

ಗೇಟಿನವರೆಗೆ ಹೋದವರು ತಿರುಗಿ, ಕನ್ನಡಕ ತರಬೇಕಾ ಅಂತ ಕೇಳಿದರು. ತನ್ನಿ ಅಂದೆ.